ಪಥ್ಯವೊಂದರಿಂದಲೇ ಕಾರಣ ತಿಳಿಯದು

ಯೀಸ್ಟ್ (ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರ) ನಿಯಂತ್ರಣದ ಪಥ್ಯ ಹಿಡಿದ ಮೇಲೆ ಹೊಟ್ಟೆಯುಬ್ಬರ ಇಳಿದರೆ ಕರುಳಿನ ಯೀಸ್ಟೇ ಅದಕ್ಕೆ ಕಾರಣವಾಗಿತ್ತೆಂದು ತಿಳಿಯಬಹುದು ಎಂದು ಈ ಪಥ್ಯದ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಸಕ್ಕರೆ, ಬ್ರೆಡ್, ಹಾಲು, ವಿನೆಗರ್, ಮದ್ಯ ಎಲ್ಲವನ್ನೂ ಒಟ್ಟಿಗೇ ಬಿಟ್ಟಾಗ, ಯಾವುದನ್ನು ಬಿಟ್ಟಿದ್ದರಿಂದ ನೆಮ್ಮದಿ ಸಿಕ್ಕಿತೆಂದು ಹೇಳುವುದಾದರೂ ಹೇಗೆ?

ನಾನೂ ತಿಂಗಳುಗಟ್ಟಲೆ ಯೀಸ್ಟನ್ನೇ ದೂರುತ್ತಿದ್ದೆ. ಬಳಿಕ ಆಹಾರತಜ್ಞರ ಸಲಹೆಯಂತೆ ಒಂದೊಂದೇ ಪದಾರ್ಥವನ್ನು ಮೂರು ದಿನಗಳ ಅಂತರದಲ್ಲಿ ಮರಳಿ ಸೇರಿಸುತ್ತಾ, ತಿಂದ ಹೊತ್ತು, ಪ್ರಮಾಣ, ಆಮೇಲೆ ಕಂಡ ಲಕ್ಷಣ ಮೂರನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಯೀಸ್ಟ್ ಹಾಕಿ ಉಬ್ಬಿಸಿದ ಬ್ರೆಡ್ಡಿನಿಂದ ಏನೂ ಆಗಲಿಲ್ಲ. ಆದರೆ ಒಂದು ಲೋಟ ಹಾಲು ಕುಡಿದ ಎರಡು ಗಂಟೆಯೊಳಗೆ ಹೊಟ್ಟೆ ಬಿಗಿದು ಗುಡುಗುಡು ಎನ್ನತೊಡಗಿತು, ಮೊಸರು ತಿಂದಾಗ ಹಾಗಾಗಲಿಲ್ಲ. ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ನನಗೆ ಸರಿಯಾಗಿ ಜೀರ್ಣವಾಗುತ್ತಿಲ್ಲವೆಂಬುದು ಮುಂದೆ ಉಸಿರಿನ ಹೈಡ್ರೋಜನ್ ಪರೀಕ್ಷೆಯಲ್ಲಿ ಖಚಿತವಾಯಿತು.

ಲೇಖನ ಶಿಫಾರಸು ಮಾಡುವ ಐಜಿಜಿ ರಕ್ತಪರೀಕ್ಷೆಯ (ಆಹಾರವೊಂದರ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಐಜಿಜಿ ಎಂಬ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆ) ಬಗ್ಗೆ ನನ್ನ ಆಕ್ಷೇಪ ಇನ್ನೂ ಬಲವಾದದ್ದು. ಆ ಪ್ರತಿಕಾಯಗಳು ದೇಹಕ್ಕೆ ಆ ಆಹಾರದ ಪರಿಚಯವಿದೆ ಎಂಬುದನ್ನು ಸೂಚಿಸುತ್ತವೆಯೇ ಹೊರತು ಅದು ಒಗ್ಗುವುದಿಲ್ಲವೆಂದಲ್ಲ. ಆಹಾರ ಒಗ್ಗದಿರುವುದನ್ನು ಪತ್ತೆಹಚ್ಚಲು ಐಜಿಜಿಯ ಒಂದು ಉಪವಿಧವಾದ ಐಜಿಜಿ4ರ ಪರೀಕ್ಷೆಯನ್ನು ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ.

ಸೀಲಿಯಾಕ್ ಕಾಯಿಲೆಯ (ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಶಂಕೆಯಿರುವವರು ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ, ಏಕೆಂದರೆ ಬಿಟ್ಟ ಮೇಲೆ ಪ್ರತಿಕಾಯಗಳು ಇಳಿದು ಕಾಯಿಲೆಯಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಯಾವುದಾದರೂ ಪದಾರ್ಥ ತಿಂದು ತುಟಿ ಊದಿಕೊಳ್ಳುವುದು, ಉಸಿರು ಕಟ್ಟುವುದು ಹಿಂದೆ ಆಗಿದ್ದರಂತೂ ಆ ಪದಾರ್ಥವನ್ನು ಮನೆಯಲ್ಲಿ ಮತ್ತೆ ತಿಂದು ನೋಡುವ ಪ್ರಯೋಗ ಖಂಡಿತ ಬೇಡ.