ಅಜ್ಜ ಒಂದನೇ ಪ್ರತಿ

ಕಾಸರಗೋಡಿನ ಬದಿಯಡ್ಕದ ನಮ್ಮ ನೆರೆಮನೆಯ ಹುಡುಗಿ ನರ್ಸ್ ಕೆಲಸಕ್ಕೆ ಬ್ರಿಟನ್ನಿಗೆ ಹೊರಟಿದ್ದಾಳೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದು ನಡೆದಿದೆ. ಈ ತಿಂಗಳ ಪಾಠ ಕ್ರೈಮು ಮತ್ತು ಕೋರ್ಟು. ಜಗಲಿಯಲ್ಲಿ ಕೂತು ಬಾಯಿಪಾಠ: ಸುಮ್ನೆ ಕದ್ದರೆ ಥೆಫ್ಟ್, ಹೆದರಿಸಿ ಕಿತ್ತುಕೊಂಡರೆ ರಾಬರಿ, ಕದಿಯಲೆಂದು ಮನೆಗೆ ನುಗ್ಗಿದರೆ ಬರ್ಗ್ಲರಿ. ನಮ್ಮ ತೋಟದ ಅಡಿಕೆ ಗೊನೆ ಹೋದಾಗ ‘ಕದ್ದರು’ ಅಂತ ಒಂದೇ ಶಬ್ದದಲ್ಲಿ ಮುಗಿಸಿದ್ದೆವು. ಎಂಥಾ ದಡ್ಡರು ಅಲ್ವಾ! ತಪ್ಪು ಮಾಡಿದ್ದು ಹೌದೋ ಅಲ್ಲವೋ ಎಂದು ಜನಸಾಮಾನ್ಯರೇ ಕೂತು ಹೇಳುವ ಜ್ಯೂರಿಯ ಬಗ್ಗೆಯೂ ಕಲಿತಿದ್ದಾಳೆ. ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಜ್ಯೂರಿ ಹೋಗಿ ಅರ್ಧ ಶತಮಾನವಾಯಿತು. ಇರಲಿ, ಮಾರ್ಕು ಉಂಟಂತೆ.

ಹೀಗಿರುವಾಗ ಬೇಲಿ ಜಗಳದ ಕೇಸಿನಲ್ಲಿ ಅವಳ ಅಜ್ಜನಿಗೆ ಸಮನ್ಸ್ ಬಂತು. ಪೂರಾ ಮಲಯಾಳ. ಅಜ್ಜ ಕನ್ನಡ ಶಾಲೆಗೆ ಸೇರಿದಾಗ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೂತಲ್ಲಿಂದ ಏಳದೆ ಕೇರಳಕ್ಕೆ ಹೋದವರು. ನಾವು ಕನ್ನಡದಲ್ಲಿ ಬರೆದರೆ ಸರ್ಕಾರ ಕನ್ನಡದಲ್ಲೇ ಉತ್ತರ ಕೊಡಬೇಕೆಂದು 1969ರ ಕಾನೂನೇ ಇದೆ. ಆದರೆ ಸಮನ್ಸ್ ಉತ್ತರ ಅಲ್ಲವಲ್ಲ!

ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು. “ಅಜ್ಜಾ, ನೀವು ಒನ್ನಾಂ ಪ್ರತಿ ಅಂತೆ.”

“ಒಂದನೇ ಪ್ರತಿಯಾ? ಹಾಗಾದರೆ ಒರಿಜಿನಲ್ ಯಾರು?”

ಮಲಯಾಳದಲ್ಲಿ ಪ್ರತಿ ಅಂದರೆ ಆರೋಪಿ. ಜೆರಾಕ್ಸ್ ಅಲ್ಲ. ದೂರು ಕೊಟ್ಟ ಪಕ್ಕದ ತೋಟದವರನ್ನು ಅದೇ ಕಾಗದ ‘ಅನ್ಯಾಯಕ್ಕಾರನ್’ ಎಂದಿತ್ತು. ಮಲಯಾಳದಲ್ಲಿ ದೂರುದಾರನಿಗೆ ಹಾಗನ್ನುತ್ತಾರೆ. ಅಜ್ಜನಿಗೆ ಒಮ್ಮೆಲೇ ನ್ಯಾಯಾಂಗದ ಮೇಲೆ ಭಕ್ತಿ ಬಂತು. “ಇದೊಂದು ಸರಿಯಾಗಿ ಬರೆದಿದ್ದಾರೆ ನೋಡು” ಎಂದರು.

ಹಾಜರಾದ ದಿನ ವಕೀಲರು ಇಂಗ್ಲಿಷಿನಲ್ಲಿ ಮಾತಾಡಿದರು. ಬೆಂಚ್ ಕ್ಲರ್ಕ್ ಕೂಗಿದ್ದು ಮಲಯಾಳದಲ್ಲಿ. ಅಜ್ಜ ಮನಸ್ಸಿನಲ್ಲೇ ದೇವರನ್ನು ಕರೆದದ್ದು ಕನ್ನಡದಲ್ಲಿ. ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಸಾಕ್ಷ್ಯ ತಿಳಿಸಬೇಕು ಎಂದು ಕಾನೂನು ಹೇಳುತ್ತದೆ. ಆದರೆ “ಅರ್ಥ ಆಯ್ತಾ?” ಅಂತ ಅಷ್ಟು ದೊಡ್ಡವರು ಕೇಳಿದಾಗ ಇಲ್ಲ ಅನ್ನುವುದು ಹೇಗೆ? ಅಜ್ಜ ಮರ್ಯಾದೆಗೆ ತಲೆಯಾಡಿಸಿದರು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ‘ಅಡ್ಜರ್ನ್‌ಮೆಂಟ್’, ಅಂದರೆ ಕೇಸು ಮುಂದಕ್ಕೆ, ಎಂದು ಕೇಳಿದ್ದೇ ಪುಸ್ತಕದ ಶಬ್ದ ಸಿಕ್ಕಿತೆಂದು ಹಿಗ್ಗಿದಳು.

ಹೊರಗೆ ವಕೀಲರ ಗುಮಾಸ್ತ ಸಮಾಧಾನ ಹೇಳಿದ. “ಅಜ್ಜಾ, ಸಾಕ್ಷಿಗಳೆಲ್ಲ ಮುಗಿದ ಮೇಲೆ ವಿಧಿ. ಅದೂ ಒಂದೆರಡು ಸಲ ಮುಂದೆ ಹೋದೀತು.” ಅಲ್ಲಿ ತೀರ್ಪಿಗೆ ವಿಧಿ ಅನ್ನುತ್ತಾರೆ.

ಅಜ್ಜ ಕೊಡೆ ಬಿಡಿಸುತ್ತಿದ್ದವರು ಅಲ್ಲೇ ನಿಂತರು. “ವಿಧಿಯನ್ನೂ ಮುಂದೆ ಹಾಕ್ತಾರಾ ಮಾರಾಯಾ? ಯಾವ ವಕೀಲರಿಗೆ ಎಷ್ಟು ಕೊಡಬೇಕು?”