ದೋಶಿ ಕಚೇರಿ ಮುಚ್ಚಿರಲಿಲ್ಲ: ನನ್ನದೇ ಸಂದೇಶಕ್ಕೊಂದು ಸ್ಪಷ್ಟನೆ

"ವಾಸ್ತುಶಿಲ್ಪಿ ಬಿ.ವಿ. ದೋಶಿ 1962ರಲ್ಲಿ ಕಚೇರಿ ಮುಚ್ಚಿ ಪೂರ್ತಿ ಮೇಷ್ಟ್ರಾದರು, ಎರಡು ದೋಣಿಯಲ್ಲಿ ಕಾಲಿಟ್ಟರೆ ಆಗದು" ಎಂಬ ಸಂದೇಶ ನಾಲ್ಕು ದಿನಗಳಿಂದ ಮಂಗಳೂರು, ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಬರೆದವನು ನಾನೇ. ಅದು ತಪ್ಪು.

ಮಣಿಪಾಲದ ವಿದ್ಯಾರ್ಥಿನಿಯೊಬ್ಬಳು ನಿನ್ನೆ ಕೇಳಿದಳು: "ಸರ್, ಹಾಗಾದ್ರೆ ಬೆಂಗಳೂರಿನ ಐಐಎಂ ಯಾರು ಮಾಡಿದ್ದು?" ಅಷ್ಟೇ ಸಾಕಾಯಿತು. ಬನ್ನೇರುಘಟ್ಟ ರಸ್ತೆಯ ಆ ಕಲ್ಲಿನ ಗೋಡೆಗಳು, ಬಿಸಿಲು ನೆರಳಿನ ಉದ್ದನೆಯ ಪಡಸಾಲೆಗಳು ದೋಶಿಯವರ ವಿನ್ಯಾಸ. 1970ರ ದಶಕದಲ್ಲಿ ಶುರುವಾದ ಕೆಲಸ. ಅಹಮದಾಬಾದಿನ ಅವರ ಸ್ವಂತ ಕಚೇರಿ ಸಂಗಾತ್, ಇಂದೋರಿನ ಅರಣ್ಯ ವಸತಿ ಬಡಾವಣೆ ಎರಡೂ 1962ರ ನಂತರದವೇ.

1962ರಲ್ಲಿ ನಡೆದದ್ದು ಇಷ್ಟು: ಅಹಮದಾಬಾದಿನಲ್ಲಿ ಅವರು ವಾಸ್ತುಶಿಲ್ಪ ಶಾಲೆ ಸ್ಥಾಪಿಸಿದರು. 1950ರ ದಶಕದಲ್ಲೇ ಆರಂಭಿಸಿದ್ದ ಕಚೇರಿಯನ್ನು ಮುಚ್ಚಲಿಲ್ಲ. ಆ ಶಾಲೆಯ ಕಟ್ಟಡವೂ ಅವರದೇ ವಿನ್ಯಾಸ. ಪಾಠ ಯಾವುದು, ವೃತ್ತಿ ಯಾವುದು ಎಂದು ಗೆರೆ ಎಳೆಯುವುದು ಅಲ್ಲಿ ಕಷ್ಟ. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಪ್ರಕಟವಾದ ಅವರ ಪರಿಚಯದಲ್ಲಿ ಇವೆಲ್ಲ ದಾಖಲಾಗಿವೆ. ನಾನು ನೋಡದೆ, ನೆನಪಿನಿಂದ ಬರೆದೆ.

ಸಂದೇಶಕ್ಕೆ ಈಗ ಒಂದು ಬಾಲವೂ ಸೇರಿಕೊಂಡಿದೆ: "ಕಾಲೇಜಿನಲ್ಲಿ ಪಾಠ ಮಾಡಿದರೆ ಆರ್ಕಿಟೆಕ್ಟ್ ನೋಂದಣಿ ರದ್ದು." 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಲ್ಲಿ ಅಂಥದ್ದೇನೂ ಇಲ್ಲ.

ಕೆಲವು ಕಡೆ ಹೆಸರು "ದೋಷಿ" ಎಂದಾಗಿದೆ ಮಾರಾಯ್ರೆ. ಅವರು ದೋಶಿ, ದೋಷ ನನ್ನದು. ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಮುಂದಕ್ಕೆ ಕಳಿಸಬೇಡಿ, ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.