ಉಳ್ಳಾಗಡ್ಡಿ ಕಾಕಾನ ಸಮಾಜವಾದ

ನಮ್ಮ ಓಣಿಯ ಕಾಕಾ ಹೊಸ ಪಕ್ಷ ಕಟ್ಟುತ್ತಿದ್ದಾರೆ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ದಲಾಲಿ ಅಂಗಡಿ, ಗದಗಿನ ಕಡೆ ಹನ್ನೆರಡು ಎಕರೆ ಎರಿ ಹೊಲ, ಸರ್ಕಾರ ಅಂದರೆ ಮೈಯೆಲ್ಲ ಉರಿ. ಪಕ್ಷಕ್ಕೆ ಇಷ್ಟು ಬಂಡವಾಳ ಸಾಕಲ್ವಾ?

ಹೋದ ಭಾನುವಾರ ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದರು. ಗಿರಮಿಟ್ಟಿನ ಹಿಂದೆ ಯಾವತ್ತೂ ಒಂದು ಅರ್ಜಿ ಇರುತ್ತದೆ. ಓಣಿಯ ಅರ್ಜಿಗಳನ್ನೆಲ್ಲ ಬರೆದುಕೊಡುವ ರಿಟೈರ್ಡ್ ಮಾಸ್ತರ ನಾನೇ. (ಓಣಿಗೆಲ್ಲ ಅವರು ಕಾಕಾ. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವನಾದ ನನಗೂ ಕಾಕಾ.)

“ಮಾಸ್ತರ, ನಮ್ಮ ಪಕ್ಷದ ತತ್ವ ಬರಕೊಡ್ರಿ. ಒಂದ ಸಾಲು ಸಾಕು. ಸರ್ಕಾರ ನಮ್ಮ ನಡುವ ಬರಬಾರದು.”

“ಆದರ್ಶ ಸಮಾಜ ಹೆಂಗಿರಬೇಕು ಅಂತನೂ ಬರೀಬೇಕಲ್ಲ ಕಾಕಾ?”

“ಅದೂ ಬರಕೋರಿ. ಲೈಸೆನ್ಸ್ ಇಲ್ಲ, ಸೆಸ್ ಇಲ್ಲ, ಇನ್ಸ್‌ಪೆಕ್ಟರ್ ಇಲ್ಲ. ಮಾರಾಂವ ಮಾರತಾನ, ಕೊಳ್ಳಾಂವ ಕೊಳ್ತಾನ. ಸರ್ಕಾರ ರಾತ್ರಿ ವಾಚಮನ್ ಇದ್ದಂಗ ಇರಬೇಕು. ಒಂದ್ಸಲ ಸೀಟಿ ಹೊಡದು ಮುಂದ ಹೋಗಬೇಕು, ಅಷ್ಟ.”

‘ರಾತ್ರಿ ಕಾವಲುಗಾರ ಸರ್ಕಾರ’ ಅನ್ನೋ ಮಾತು ಹುಟ್ಟಿಸಿದ್ದು ಲಸ್ಸಾಲ್ ಎಂಬ ಜರ್ಮನ್ ಸಮಾಜವಾದಿ. 1862ರಲ್ಲಿ, ಕಾಕಾನಂಥವರನ್ನು ಅಣಕಿಸೋಕೆ. ಮಿರ್ಚಿ ಇನ್ನೂ ಬಿಸಿಯಿತ್ತು, ನಾನು ಹೇಳಲಿಲ್ಲ.

ಸುಮ್ನೆ ಹೇಳಬಾರದು, ಕಾಕಾನ ತತ್ವಕ್ಕೆ ಒಳ್ಳೆಯ ಮನೆತನವೂ ಇದೆ. 1959ರಲ್ಲಿ ನಾಗಪುರದಲ್ಲಿ ಕಾಂಗ್ರೆಸ್ಸು ಕೂಡು ಬೇಸಾಯದ ಠರಾವು ಮಾಡಿತು. ಅದೇ ವರ್ಷ ರಾಜಾಜಿ ಸಿಡಿದು, ಸರ್ಕಾರದ ಕೈ ಕಡಿಮೆಯಿರಲಿ ಅನ್ನೋ ಸ್ವತಂತ್ರ ಪಕ್ಷ ಕಟ್ಟಿದರು. ಅದಕ್ಕೆ 21 ತತ್ವ, ನಕ್ಷತ್ರದ ಗುರುತು. 1967ರಲ್ಲಿ ಲೋಕಸಭೆಯಲ್ಲಿ 44 ಸೀಟು, 1971ರಲ್ಲಿ 8, 1974ರಲ್ಲಿ ಬೇರೆ ಪಕ್ಷದೊಳಗೆ ಮಾಯ. ಕೊನೆಯ ತತ್ವ ನನಗೆ ಬಹಳ ಇಷ್ಟ: ಈ ತತ್ವಗಳ ಹೊರಗಿನ ವಿಷಯದಲ್ಲಿ ಸದಸ್ಯರು ತಮಗೆ ತೋಚಿದ ಅಭಿಪ್ರಾಯ ಇಟ್ಟುಕೊಳ್ಳಬಹುದು. ಅದನ್ನು ಕೇಳಿ ಕಾಕಾ ಹಿಗ್ಗಿದರು. ಉಳಿದ ಇಪ್ಪತ್ತನ್ನು ಕೇಳಲಿಲ್ಲ.

ಸರ್ಕಾರವೇ ಕಾಣದ ಸಮಾಜ ಬೇಕಂದ್ರೆ ನಮ್ಮ ಓಣಿಗೆ ಬನ್ನಿ ಅಂತ ನಾನು ಹೇಳಬೇಕೆಂದಿದ್ದೆ. ನಳ ಎಂದು ಬರುತ್ತದೋ ನಳಕ್ಕೇ ಗೊತ್ತಿಲ್ಲ. ಬೋರು ಸ್ವಂತದ್ದು, ಟ್ಯಾಂಕರು ಖಾಸಗಿ. ಆದರೆ ನಳ ಬರದಿದ್ದ ದಿನ ಎಲ್ಲರಿಗಿಂತ ಮೊದಲು ಬೀದಿಗೆ ಬಂದು ಸರ್ಕಾರವನ್ನು ಬೈಯುವವರು ಕಾಕಾನೇ. ಉಳ್ಳಾಗಡ್ಡಿ ರೇಟು ಏರಿದಾಗ ಅವರಿಗೆ ಸ್ವಾತಂತ್ರ್ಯ ಬೇಕು. ಬಿದ್ದಾಗ ಬೆಂಬಲ ಬೆಲೆ ಬೇಕು. ಹೊಲಕ್ಕೆ ಊರ ಸೊಸೈಟಿಯ ಬಡ್ಡಿಯಿಲ್ಲದ ಸಾಲ. 5 ಲಕ್ಷದವರೆಗೆ ಆ ಬಡ್ಡಿ ಕಟ್ಟುವುದು ಯಾರು? ಅದೇ ರಾತ್ರಿ ವಾಚಮನ್. ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರು ಇದನ್ನು ನೋಡಿದ್ದರೆ ಏನು ಅನ್ನುತ್ತಿದ್ದರೋ!

ಇರಲಿ. ಕಷ್ಟ ಶುರುವಾಗಿದ್ದು ಫಾರ್ಮು ತುಂಬುವಾಗ. ಚುನಾವಣಾ ಆಯೋಗಕ್ಕೆ 10,000 ರೂಪಾಯಿ ಡಿಡಿ ಕಟ್ಟಬೇಕು. ಕನಿಷ್ಠ ನೂರು ಸದಸ್ಯರ ಅಫಿಡವಿಟ್ಟು ಬೇಕು. ಪಕ್ಷದ ಸಂವಿಧಾನ ಕೊಡಬೇಕು. ಆ ಸಂವಿಧಾನದಲ್ಲಿ ಒಂದು ಮಾತು ಇರಲೇಬೇಕು ಅನ್ನುತ್ತದೆ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ. 1989ರಿಂದ ಜಾರಿಯಲ್ಲಿದೆ. ನಾನು ಓದಿದೆ: “ಪಕ್ಷವು ಭಾರತದ ಸಂವಿಧಾನಕ್ಕೂ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೂ ನಿಷ್ಠೆ ಹೊಂದಿರುತ್ತದೆ...”

ಕಾಕಾನ ಕೈಯ ಮಿರ್ಚಿ ಬಾಯಿಯ ಹತ್ತಿರ ಹೋಗಿ ನಿಂತಿತು.

“ಸಮಾಜವಾದಾನ? ನಾ ಪಕ್ಷ ಕಟ್ಟೂದ ಅದರ ವಿರುದ್ಧರೀ!”

“ವಿರುದ್ಧ ಮಾಡಬೇಕಂದ್ರ ಮೊದಲ ಅದಕ್ಕ ನಿಷ್ಠಾ ಐತಿ ಅಂತ ಬರಕೊಡಬೇಕು ಕಾಕಾ.”

ಮಾಂಸದೂಟದ ಸಾವಜಿ ಖಾನಾವಳಿ ತೆಗೆಯೋಕೆ ‘ನಾವು ಶುದ್ಧ ಶಾಕಾಹಾರಿಗಳು’ ಅಂತ ಬರೆದುಕೊಟ್ಟ ಹಾಗೆ. ಸ್ವತಂತ್ರ ಪಕ್ಷವನ್ನು ಮತ್ತೆ ಎಬ್ಬಿಸಬೇಕೆಂದು ಮುಂಬೈಯ ಕೆಲವರು ಹೊರಟಾಗ ಇದೇ ಮಾತು ಗಂಟಲಲ್ಲಿ ಸಿಕ್ಕಿ, ಹೈಕೋರ್ಟಿಗೆ ಹೋದರು. ಅಷ್ಟು ಸಂಕೋಚದವರು ಅವರೊಬ್ಬರೇ ಇರಬೇಕು. ಮಿಕ್ಕವರಿಗೆ ಏನೂ ಸಿಕ್ಕಿಕೊಳ್ಳಲಿಲ್ಲ. 1991ರಲ್ಲಿ ಪೇಟೆಯ ಬಾಗಿಲು ತೆಗೆದ ಕಾಂಗ್ರೆಸ್ಸಿನ ಸಂವಿಧಾನದಲ್ಲೂ ಸಮಾಜವಾದವಿದೆ, ಬಿಜೆಪಿಯ ಸಂವಿಧಾನದಲ್ಲೂ ಇದೆ. ಟಿವಿಯಲ್ಲಿ ದಿನಾ ಜಗಳ, ಫಾರ್ಮಿನಲ್ಲಿ ಮಾತ್ರ ಎಲ್ಲರೂ ಕಾಮ್ರೇಡ್‌ಗಳು.

ದೇಶದ ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಅನ್ನೋ ಪದ ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. ಅದನ್ನು ತೆಗೆಸಲು ಹೋದವರ ಅರ್ಜಿಯನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ನಮ್ಮಲ್ಲಿ ಸಮಾಜವಾದ ಅಂದರೆ ಕಲ್ಯಾಣ ರಾಜ್ಯ, ಅದರಿಂದ ಖಾಸಗಿ ಉದ್ಯಮಕ್ಕೆ ಅಡ್ಡಿಯೇನಿಲ್ಲ ಅಂದಿತು. ಇದನ್ನು ಹೇಳಿದ ಮೇಲೆ ಕಾಕಾನ ಮಿರ್ಚಿ ಬಾಯಿಗೆ ಹೋಯಿತು.

“ಹಂಗಾರ ಬರೀರಿ. ಸಣ್ಣ ಅಕ್ಷರದಾಗ ಬರೀರಿ.”

ಮರುದಿನ ಕೋರ್ಟಿನ ಮುಂದೆ ಟೈಪ್ ಮಾಡುವ ಹುಡುಗನ ಹತ್ತಿರ ಹೋದೆವು. ಅವನ ಹತ್ತಿರ ಎಲ್ಲದಕ್ಕೂ ತಯಾರಿ ನಮೂನೆ ಇರುತ್ತದೆ. ಹಳೆಯ ಬಾಡಿಗೆ ಕರಾರನ್ನೇ ತೆರೆದು, ಮೇಲಿನದನ್ನು ಅಳಿಸಿ, ಪಕ್ಷದ ಹೆಸರು ಹೊಡೆದ. ಪ್ರಿಂಟ್ ಬಂತು. ‘ಮಾರ್ಗದರ್ಶಕ ತತ್ವಗಳು’ ಅನ್ನೋ ತಲೆಬರಹದ ಕೆಳಗೆ ಏಳನೆಯದಾಗಿ ಹೀಗಿತ್ತು: ‘ಗೋಡೆಗಳಿಗೆ ಮಾಲಕರ ಪರವಾನಿಗೆ ಇಲ್ಲದೆ ಮೊಳೆ ಹೊಡೆಯತಕ್ಕದ್ದಲ್ಲ.’

ತೆಗೆಸೋಣ ಅಂದೆ. ಕಾಕಾ ಕೇಳಲಿಲ್ಲ. “ಇರಲಿ ಬಿಡ್ರಿ ಮಾಸ್ತರ. ಇಡೀ ಕಾಗದದಾಗ ಇದೊಂದ ನನಗ ಸರಿಯಾಗಿ ತಿಳೀತು.”

ಇನ್ನು ನೂರು ಸದಸ್ಯರು. ತಮ್ಮ ಅಂಗಡಿ ಮುಂದೆ ಚೀಲ ಹೊರುವ ಹಮಾಲರನ್ನೇ ಕಾಕಾ ಸಾಲಾಗಿ ನಿಲ್ಲಿಸಿದರು. ಬೇರೆ ಪಕ್ಷದ ಸದಸ್ಯನಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದೆ ಅಂತ ಒಬ್ಬೊಬ್ಬನೂ ಬರೆದುಕೊಡಬೇಕು. ಎಲ್ಲರೂ ಚಹಾ ಕುಡಿದು ಸಹಿ ಹಾಕುತ್ತಾ ಹೋದರು. ಒಬ್ಬ ಮಾತ್ರ ಕಾಗದ ತಿರುವಿ ಓದುತ್ತಾ ನಿಂತ. ಹೆಗಲ ಮೇಲಿನ ಕೆಂಪು ಮಣ್ಣು ಝಾಡಿಸಿ ಕೇಳಿದ:

“ಯಜಮಾನ್ರ, ಇದರಾಗ ಸಮಾಜವಾದ ಅಂತ ಬರದೈತಲ್ರೀ. ಹಂಗಾರ ಚೀಲಕ್ಕ ಎರಡು ರೂಪಾಯಿ ಹಮಾಲಿ ಜಾಸ್ತಿ ಮಾಡ್ರಿ.”

“ಏ, ಅದು ಬರೇ ಫಾರ್ಮಿಗಂತ ಹಾಕಿದ್ದಪಾ.”

ಅವನು ಪೆನ್ನು ತೆಗೆದುಕೊಂಡ. ಕಾಗದವನ್ನು ಉಳ್ಳಾಗಡ್ಡಿ ಚೀಲದ ಮೇಲಿಟ್ಟು, ನಿಧಾನವಾಗಿ ಸಹಿ ಹಾಕಿ, ಕಾಕಾನ ಕೈಗೆ ಕೊಟ್ಟ.

“ನಂದೂ ಫಾರ್ಮಿಗಷ್ಟರೀ.”